ಅರವತ್ತರ ಮನೆಗೆ ಬಂದ ನೂರರವಳು

ಸಿಪ್ಪರ್, ಶಮಶ್ ದೇವರ ಮಠ
ಎಲೂಲು ತಿಂಗಳ ಹುಣ್ಣಿಮೆ, ದೊರೆಗಳು ಮಾರಿ ಪಟ್ಟಣದ ಕೋಟೆ ಕೆಡವಿಸಿದ ಮೇಲಿನ ಮೂರನೆಯ ವರ್ಷ

ತಂಗಿ ಬೆಲ್ತಾನಿಗೆ, ಅಕ್ಕ ರಿಬಾತುಂ ಹೇಳುವುದು.

ಸೂರ್ಯದೇವ ಶಮಶನೂ ಅವನ ಮಡದಿ ಆಯಾ ದೇವಿಯೂ ನನ್ನ ಮುಖ ನೋಡಿಯಾದರೂ ನಿನ್ನನ್ನು ಸುಖವಾಗಿಟ್ಟಿರಲಿ. ನೀನು ಕಳಿಸಿದ ಈರುಳ್ಳಿ ಗೊಂಚಲೂ ಪತ್ರವೂ ಜವೆಗೋಧಿ ಕೊಯ್ಲಿನ ಹೊತ್ತಿಗೇ ಬಂದವು. ಈಗ ಎಳ್ಳು ಹೂ ಬಿಟ್ಟಿದೆ. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಬರೆಯುವ ಮಣ್ಣು ಸರಿ ಇರಲಿಲ್ಲ, ಕಾಲುವೆಯ ಮಣ್ಣಲ್ಲಿ ಈ ಸಲ ಬರೀ ಮರಳು, ಬೆರಳಿನ ಗಂಟು ನೋವು ಬೇರೆ. ಇವೆಲ್ಲ ನೆಪ ಅಂತ ನಿನಗೂ ಗೊತ್ತು. ಎರಡು ಸಲ ಹಸಿ ಮಣ್ಣಿನ ಹಲಗೆ ತಟ್ಟಿ, ನಾಲ್ಕು ಸಾಲು ಬರೆದು, ಮತ್ತೆ ಮುದ್ದೆ ಮಾಡಿ ನೀರಿಗೆ ಹಾಕಿದೆ. ಅಪ್ಪ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಒಳ್ಳೆಯದಾಯಿತು, ನಡುವೆ ಓದಿ ಹೇಳುವವರ ಕಿವಿ ಬೇಕಾಗಿಲ್ಲ. ಇದು ಮೂರೋ ನಾಲ್ಕೋ ಹಲಗೆ ಆದೀತು. ನಿನ್ನ ಯಜಮಾನರು ಹೊರಗೆ ಹೋದಾಗ ಕೂತು ಓದು.

ಲಮಸ್ಸಿ ಚೆನ್ನಾಗಿದ್ದಾಳೆ. ನಿನ್ನ ಮಡಿಲಿಂದ ಕೇಳಿ ಪಡೆದು, ಇವಳು ನನ್ನ ಮಗಳು ಅಂತ ಮಠದವರ ಮುಂದೆ ನಾನು ಹೇಳಿದಾಗ ನನ್ನ ಸೊಂಟಕ್ಕೆ ಬರುತ್ತಿದ್ದವಳು ಈಗ ನನ್ನ ತಲೆಯ ಮೇಲಿಂದ ಕೈ ಚಾಚಿ ಗೂಡಿನ ಎಣ್ಣೆ ಕುಡಿಕೆ ತೆಗೆಯುತ್ತಾಳೆ. ದೇವರಿಗೆ ಮುಡಿಪಾದ ನಮಗೆ ಹೆರುವ ಹಾಗಿಲ್ಲ. ಹೆರದವಳಿಗೆ ಮಗಳ ಮೇಲೆ ಎಷ್ಟು ಆಸೆ ಇರುತ್ತದೆ ಅಂತ ಹೆತ್ತವಳಿಗೆ ನಾನು ಹೇಗೆ ಹೇಳಲಿ? ಮುಂದಿನ ಅಮಾವಾಸ್ಯೆ ಕಳೆದು ಅವಳು ದೋಣಿ ಹತ್ತಿ ಕೀಶಿಗೆ, ನಿನ್ನ ಮನೆಗೆ ಬರುತ್ತಾಳೆ. ಅವಳ ಬಾಯಿಂದ ಸುದ್ದಿ ಕೇಳುವ ಮೊದಲು ನನ್ನ ಬಾಯಿಂದ ಕೇಳು ಅಂತಲೇ ಈ ಪತ್ರ.

ನಮ್ಮ ಪಕ್ಕದ ಮನೆಗೆ ತಬೂಬು ಅಂತ ಒಬ್ಬಳು ಬಂದಳು. ಮಾರಿ ಪಟ್ಟಣದವಳು. ಕೋಟೆ ಬಿದ್ದ ಮೇಲೆ ದೋಣಿ ದೋಣಿ ಜನರನ್ನು ಹೊಳೆಯ ಮೇಲೆ ಕೆಳಗೆ ತಂದರಲ್ಲ, ಅವರ ಜೊತೆ ಬಂದವಳು. ಅಲ್ಲಿನ ಅರಮನೆಯಲ್ಲಿ ಎಣ್ಣೆ ಉಗ್ರಾಣದ ಲೆಕ್ಕ ಬರೆಯುತ್ತಿದ್ದಳಂತೆ. ಬರೆಯಲು ಬರುತ್ತದೆ ಅಂತ ನಮ್ಮ ಮೇಲ್ವಿಚಾರಕ ಇನ್ಬೂಶ ಅವಳನ್ನು ಮಠದ ಉಗ್ರಾಣಕ್ಕೆ ಹಾಕಿದ. ಹೆಚ್ಚುಕಡಿಮೆ ನನ್ನ ವಯಸ್ಸೇ. ಮುಂದಿನ ಹಲ್ಲೊಂದು ಇಲ್ಲ, ಆದರೂ ಬಾಯಿಗೆ ಕೈ ಅಡ್ಡ ಇಡದೆ ನಗುತ್ತಾಳೆ. ಮಾತು ಮೇಲ್ಹೊಳೆಯ ಕಡೆಯದು, ನಮ್ಮ ಹುಡುಗಿಯರು ಅದನ್ನು ಅಣಕಿಸಿ ಅಣಕಿಸಿ ಕೊನೆಗೆ ಅವರೇ ಹಾಗೆ ಮಾತಾಡತೊಡಗಿದರು. ಮೀನಿನ ಸಾರಿಗೆ ಜೀರಿಗೆ ಸುರಿದರೆ ಓಣಿಗೆಲ್ಲ ಘಮಲು.

ಅವರ ಊರಿನ ಲೆಕ್ಕವೇ ಬೇರೆ. ನಾವು ಬಾಯಲ್ಲಿ ನೂರು, ಸಾವಿರ ಅನ್ನುತ್ತೇವೆ. ಆದರೆ ಬೆರಳಿಗೆ ಕಡ್ಡಿ ಬಂದ ಕೂಡಲೇ ಅರವತ್ತರಲ್ಲಿ ಬರೆಯುತ್ತೇವೆ. ಅವರಿಗೆ ಬಾಯಲ್ಲೂ ನೂರು, ಕೈಯಲ್ಲೂ ನೂರು. ಅಪ್ಪ ಕೇಳಿದ್ದರೆ ಅದು ಸಂತೆಯವರ ಲೆಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಇನ್ನು ಲಮಸ್ಸಿಯ ವಿಷಯ. ಹುಡುಗಿ ಚೂಟಿ, ಆದರೆ ಒಂದು ಕಡೆ ಮುಗ್ಗರಿಸಿ ನಿಂತಳು. ಒಂದಕ್ಕೆ ಒಂದು ನಿಂತ ಗುರುತು. ಅರವತ್ತಕ್ಕೂ ಅದೇ ನಿಂತ ಗುರುತು, ಎಡಗಡೆಯ ಮನೆಯಲ್ಲಿ. ಅರವತ್ತೊಂದು ಬರಿ ಅಂದರೆ ಎರಡು ಗುರುತು ಪಕ್ಕಪಕ್ಕ ಒತ್ತುತ್ತಾಳೆ, ಆಮೇಲೆ ತಲೆ ಎತ್ತಿ ನನ್ನನ್ನೇ ಕೇಳುತ್ತಾಳೆ. "ದೊಡ್ಡಮ್ಮ, ಎರಡೂ ಒಂದೇ ಥರ ಇದೆ. ಹಾಗಾದ್ರೆ ಇದು ಎರಡು ಅಲ್ವಾ?"

ನಡುವೆ ಜಾಗ ಬಿಡು ಅಂದೆ. ಎಷ್ಟು ಜಾಗ ಅಂದಳು. ನನ್ನ ಗುರುಗಳು ನನಗೆ ಹೇಳಿದ್ದನ್ನೇ ಹೇಳಿದೆ, ಬರೀತಾ ಹೋಗು, ತಾನಾಗಿ ತಿಳಿಯುತ್ತೆ ಅಂತ. ಗುಣಾಕಾರದ ಹಲಗೆಗಳನ್ನು ಮತ್ತೆ ಮತ್ತೆ ಬರೆಸಿದೆ. ಬೆರಳ ಗೆಣ್ಣಿಗೆ ಕಡ್ಡಿಯಿಂದ ತಟ್ಟಿದ್ದೂ ಉಂಟು. ಚಳಿಗಾಲ ಪೂರ್ತಿ ಹೀಗೇ ಹೋಯಿತು. ಅವಳು ಅಳಲಿಲ್ಲ, ಕೇಳುವುದನ್ನು ನಿಲ್ಲಿಸಿದಳು, ಅಷ್ಟೇ.

ಒಂದು ದಿನ ಮಧ್ಯಾಹ್ನ ಕೊಡ ಹಿಡಿದು ಹಿತ್ತಿಲ ಬಾವಿಗೆ ಹೋದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ತಬೂಬು ಅಲ್ಲೇ ಇದ್ದಳು. ಮೆಟ್ಟಿಲ ಮೇಲೆ ನಮ್ಮ ಲಮಸ್ಸಿ. ಖರ್ಜೂರದ ಮರದ ಹಿಂದೆ ನಿಂತೆ. ಯಾಕೆ ನಿಂತೆನೋ ಕೇಳಬೇಡ.

"ಕೆಳಗಿನ ಮೆಟ್ಲ ಮ್ಯಾಲ ಕುಂದ್ರು," ಅಂದಳು ತಬೂಬು. ಹುಡುಗಿ ಕೂತಳು. "ಈಗ ನೀ ಒಂದು. ಇನ್ನ ಮ್ಯಾಲಿನ ಮೆಟ್ಲಿಗೆ ಬಾ. ಈಗ ನೀ ನೂರು. ಹೇಳವ್ವ, ನಿನ್ನ ಮೂಗು ಬದಲಾತೇನು?"

"ಇಲ್ಲ."

"ಮತ್ತ ಏನು ಬದಲಾತು?"

ಲಮಸ್ಸಿ ತಾನು ಕೂತ ಕಲ್ಲನ್ನು ನೋಡಿದಳು, ಕೆಳಗಿನ ಕಲ್ಲನ್ನು ನೋಡಿದಳು. "ಕೂತ ಜಾಗ," ಅಂದಳು.

"ಗುರುತಿಗೆ ತನ್ನದಂತ ಬೆಲೆ ಏನಿಲ್ಲ, ಕುಂತ ಜಾಗದ ಬೆಲೆ ಅದಕ್ಕ. ಈ ಮೆಟ್ಲಿಗೆ ನಮ್ಮೂರಾಗ ನೂರು ಅಂತೀವಿ, ನಿಮ್ಮ ದೊಡ್ಡವ್ವನ ಮನ್ಯಾಗ ಅರವತ್ತು ಅಂತಾರ. ಮೆಟ್ಲು ಅವೇ, ಹೆಸರು ಬ್ಯಾರೆ. ಅಷ್ಟ."

ಲಮಸ್ಸಿ ನಕ್ಕಳು, ಬೆಲ್ತಾನಿ. ಚಳಿಗಾಲವಿಡೀ ನಾನು ನೋಡದ ನಗು. ಮೆಟ್ಟಿಲ ಮೇಲೆ ಹತ್ತಿ ಇಳಿದು, ಇಲ್ಲಿ ನಾನು ಮೂರು, ಇಲ್ಲಿ ಮೂರು ನೂರು, ಇಲ್ಲೇ ದೊಡ್ಡಮ್ಮನಿಗೆ ಮೂರು ಅರವತ್ತು ಅಂತ ಕುಣಿದಳು. ನೀರು ಸೇದದೆ ಬರಿ ಕೊಡ ಹೊತ್ತು ಮನೆಗೆ ಬಂದೆ.

ಸಂತೋಷಪಡಬೇಕಿತ್ತು ಅಲ್ಲವೇ? ಅಂದಿನಿಂದ ಹುಡುಗಿ ನನ್ನ ಅರವತ್ತರ ಲೆಕ್ಕವನ್ನೂ ನೀರು ಕುಡಿದಂತೆ ಮಾಡತೊಡಗಿದಳು. ನನ್ನ ಹೊಟ್ಟೆಯಲ್ಲಿ ಮಾತ್ರ ಕೆಂಡ ಬಿತ್ತು. ಊಟಕ್ಕೆ ಕೂತರೆ ತಬೂಬಕ್ಕ ಹೀಗಂದ್ರು, ಕಡ್ಡಿ ಹಿಡಿದರೆ ತಬೂಬಕ್ಕ ಹಾಗೆ ಹಿಡೀತಾರೆ. ನನ್ನ ಅಡುಗೆಗೆ ಜೀರಿಗೆ ಸಾಲದು ಅಂತ ಒಂದು ದಿನ ಅಂದಳು. ಜೀರಿಗೆ ತಿಂದರೆ ಹಲ್ಲು ಬೀಳುತ್ತೆ, ಅವಳನ್ನ ನೋಡು ಅಂದೆ. ಹುಡುಗಿ ತಟ್ಟೆ ಬಿಟ್ಟು ಎದ್ದಳು. ಸಂಜೆ ಆ ಕಡೆಯ ಗೋಡೆಯಾಚೆ ಇಬ್ಬರೂ ನಗುವುದು ಕೇಳಿದರೆ, ನನ್ನ ಬಗ್ಗೆಯೇ ನಗುತ್ತಾರೆ ಅನ್ನಿಸುತ್ತಿತ್ತು. ಇಲ್ಲ ಅಂತಲೂ ಗೊತ್ತಿತ್ತು. ನನ್ನ ಬಗ್ಗೆ ಅಲ್ಲ ಅನ್ನುವುದೇ ಇನ್ನೂ ಉರಿ.

ಈ ಬೇಸಿಗೆಯಲ್ಲಿ ಕಾಲುವೆ ಕಡೆಯ ಗೋಡೆ ಕುಸಿಯಿತು. ಹೊಸದು ಕಟ್ಟಲು ಎಷ್ಟು ರಾಶಿ ಇಟ್ಟಿಗೆ ಬೇಕು ಅಂತ ಲೆಕ್ಕ ಹಾಕಲು ಇನ್ಬೂಶ ಹೇಳಿದ್ದು ನನಗೆ. ನಾನು ಲಮಸ್ಸಿಗೆ ಕೊಟ್ಟೆ, ಕೈ ಪಳಗಲಿ ಅಂತ. ಉದ್ದ, ಎತ್ತರ, ದಪ್ಪ ಎಲ್ಲ ಸರಿಯಾಗಿ ಹಿಡಿದು ಗುಣಿಸಿದ್ದಳು. ಉತ್ತರ ನೂರ ನಲವತ್ತು ರಾಶಿ, ಸರಿಯಾಗಿಯೇ ಇತ್ತು. ಆದರೆ ಕೊನೆಯ ಹಲಗೆಯಲ್ಲಿ ಬರೆದದ್ದು ತಬೂಬುವಿನ ರೀತಿಯಲ್ಲಿ, ಎಡಗಡೆಗೆ ಒಂದು, ಬಲಗಡೆಗೆ ನಲವತ್ತು. ನೂರರವರ ಕಣ್ಣಿಗೆ ಅದು ನೂರ ನಲವತ್ತು. ಅರವತ್ತರವರು ಓದಿದರೆ ಅರವತ್ತೂ ನಲವತ್ತೂ ಸೇರಿ ಬರೀ ನೂರು. ಹುಡುಗಿ ಮೈಮರೆತು ಬರೆದಿದ್ದಳು. ಒಳಗೆ ಕರೆದು, ಒದ್ದೆ ಬೆರಳಲ್ಲಿ ಅಳಿಸು ಅಂದಿದ್ದರೆ ಮುಗಿಯುತ್ತಿತ್ತು.

ನಾನು ಆ ಹಲಗೆ ಹಿಡಿದು ಮಠದ ಬಾಗಿಲಿಗೆ ಹೋದೆ. ಇನ್ಬೂಶ ಗೋಡೆ ಕಟ್ಟುವವರ ಜೊತೆ ನೆರಳಲ್ಲಿ ಕೂತು ಜವೆಗೋಧಿಯ ಮದ್ಯ ಹೀರುತ್ತಿದ್ದ. ಲಮಸ್ಸಿಯನ್ನು ಕರೆಸಿದೆ. ತಬೂಬುವನ್ನೂ ಕರೆಸಿದೆ.

"ಇದನ್ನ ಓದಮ್ಮ," ಅಂದೆ.

"ನೂರ ನಲವತ್ತು," ಅಂದಳು ಹುಡುಗಿ. ಅಂದ ಮೇಲೆ ಹಲಗೆ ನೋಡಿದಳು. ನೋಡಿದ ಮೇಲೆ ನನ್ನ ಮುಖ ನೋಡಿದಳು.

"ನಾನು ಓದಿದ್ರೆ ನೂರು," ಅಂದೆ ಇನ್ಬೂಶನಿಗೆ. "ಊರಿನ ಯಾವ ಲೆಕ್ಕಿಗನನ್ನಾದ್ರೂ ಕೇಳಿ, ನೂರು ಅಂತಾನೆ. ಇದು ಮಾರಿಯವರ ವಿದ್ಯೆ."

ಒಂದು ಹಲಗೆಯಲ್ಲಿ ಎರಡು ಗೋಡೆ ಕಟ್ಟೋ ಜಾಣೆಯರು ನಮ್ಮಲ್ಲಿದ್ದಾರೆ ಅಂತ ಇನ್ಬೂಶ ಅಂದ. ಕೆಲಸದವರು ನಕ್ಕರು. ಅರ್ಧ ಗೋಡೆ ಕಟ್ಟಿ ಪೂರ್ತಿ ಊಟ ಮಾಡಬಹುದು ಅಂತ ಅವರಲ್ಲೊಬ್ಬ ಗೊಣಗಿದ. ಲಮಸ್ಸಿ ಕಿವಿಯವರೆಗೆ ಕೆಂಪಾದಳು.

ತಬೂಬು ವಾದಿಸುತ್ತಾಳೆ ಅಂದುಕೊಂಡಿದ್ದೆ. ಕಾದಿದ್ದೆ ಅಂತಲೇ ಹೇಳು. ಅವಳು ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. "ರಿಬಾತುಂ ಅವ್ವಾರು ಹೇಳಿದ್ದು ಖರೇ ಅದರಿ. ಒಂದ ಮನ್ಯಾಗ ಎರಡು ಲೆಕ್ಕ ಇರಬಾರದು. ಹುಡುಗೀದೇನೂ ತಪ್ಪಿಲ್ಲ, ಕಲಿಸಿದ ನಂದು."

ಇನ್ನು ಮೇಲೆ ಅವಳು ಹುಡುಗಿಯರಿಗೆ ಕಲಿಸಬಾರದು ಅಂತ ಇನ್ಬೂಶ ಅಪ್ಪಣೆ ಮಾಡಿದ. ನಾನು ಗೆದ್ದೆ. ಗೆದ್ದವಳಿಗೆ ಆ ರಾತ್ರಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ನಿನಗೆ ಸಮಾಧಾನ ಆಗುತ್ತದೇನೋ. ಆದರೆ ಚೆನ್ನಾಗಿಯೇ ತಿಂದೆ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಗೋಡೆ ಮೋಟಾಗುತ್ತಿತ್ತು ತಾನೇ? ಹಾಗಂತ ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಸ್ವಲ್ಪ ದಿನಕ್ಕೆ ತಬೂಬು ತಾನಾಗಿಯೇ ಕೇಳಿಕೊಂಡು ಬೇರೆ ಊರಿನ ಉಗ್ರಾಣಕ್ಕೆ ಹೋದಳು. ಪಕ್ಕದ ಮನೆಯಲ್ಲಿ ಈಗ ಕೆಮ್ಮುವ ಮುದುಕಿ ಒಬ್ಬಳಿದ್ದಾಳೆ.

ಲಮಸ್ಸಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ಹೇಳಿದ್ದನ್ನೆಲ್ಲ ಅರವತ್ತರಲ್ಲಿ ತಪ್ಪಿಲ್ಲದೆ ಬರೆಯುತ್ತಾಳೆ. ನನ್ನನ್ನು ದೊಡ್ಡಮ್ಮ ಅನ್ನುವುದು ಬಿಟ್ಟು ಗುರುಗಳೇ ಅನ್ನುತ್ತಾಳೆ. ಮೊನ್ನೆ ಹಲಗೆ ಒಣಗಿಸುವಾಗ ಮೆಲ್ಲಗೆ ಕೇಳಿದಳು. "ಒಳಗೆ ಕರೆದು ಹೇಳಿದ್ರೆ ನಾನೇ ತಿದ್ದುತ್ತಿದ್ದೆ, ಗುರುಗಳೇ. ಅಷ್ಟು ಜನರ ಮುಂದೆ ಯಾಕೆ?"

ನೀನು ಕಲೀಲಿ ಅಂತ ಅಂದೆ.

"ನಾನು ಕಲಿತಾಗಿತ್ತು," ಅಂದಳು. ಮತ್ತೆ ಕೆಲಸಕ್ಕೆ ತಿರುಗಿದಳು.

ಮಾರನೆಯ ದಿನವೇ ಕೀಶಿಗೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ ಅಂತ ಅಪ್ಪಣೆ ಕೇಳಿದಳು. ಕೊಟ್ಟೆ. ನಿನ್ನನ್ನು ನೋಡುವ ಆಸೆ ಅವಳಿಗಿಲ್ಲ ಅಂತಲ್ಲ. ಆದರೆ ತಬೂಬು ಹೋಗಿರುವ ಊರು ಯಾವುದು ಅಂದುಕೊಂಡೆ? ನಿಮ್ಮ ಕೀಶೇ. ದೇವಸ್ಥಾನದ ಎಣ್ಣೆ ಉಗ್ರಾಣದಲ್ಲಿದ್ದಾಳೆ, ನಿಮ್ಮ ಕೇರಿಗೆ ದೂರವೇನಿಲ್ಲ. ಲಮಸ್ಸಿ ಅಲ್ಲಿಗೆ ಹೋಗುತ್ತಾಳೆ. ಹೋಗಲಿ, ತಡೆಯಬೇಡ. ತಡೆದು ತಡೆದು ನಾನು ಕಂಡದ್ದು ಸಾಕು. ಅವಳು ಅಲ್ಲೇ ಉಳಿಯುತ್ತೇನೆ ಅಂದರೆ ಮಾತ್ರ ನನಗೆ ಹೇಳಿ ಕಳಿಸು, ನಾನೇ ಬಂದು ಮಾತಾಡುತ್ತೇನೆ. ಬೈಯುವುದಕ್ಕಲ್ಲ. ಮಗಳು ಅಂದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ಅಂತ ಅವಳ ಎದುರು ನಿಂತು ಹೇಳಬೇಕು, ಈ ಮನೆಯಲ್ಲಿ ಅದು ಬಾಯಿಗೆ ಬರುತ್ತಿಲ್ಲ.

ಯಜಮಾನರ ಬೆನ್ನುನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ಚಿಕ್ಕವನಿಗೆ ಹಲ್ಲು ಬಂತೇ? ನಿನ್ನ ಹೊಸ್ತಿಲಲ್ಲಿ ಬೆಳಕು ಆರದಿರಲಿ, ಗಡಿಗೆಯಲ್ಲಿ ಹಿಟ್ಟು ತೀರದಿರಲಿ, ಮಕ್ಕಳ ಮಕ್ಕಳನ್ನು ನೀನು ಎತ್ತಿ ಆಡಿಸುವಂತಾಗಲಿ. ದಿನವೂ ದೇವರ ಮುಂದೆ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ಅಕ್ಕ
ರಿಬಾತುಂ

ಹಲಗೆಯ ಅಂಚಿನಲ್ಲಿ ಜಾಗ ಉಳಿದಿದೆ, ಅದಕ್ಕೆ ಇಷ್ಟು. ನಾನು ಉರಿದದ್ದು ಲಮಸ್ಸಿ ಕೈತಪ್ಪಿದಳು ಅಂತ ಅಂದುಕೊಂಡಿದ್ದೀ. ನಾನೂ ಹಾಗೇ ಅಂದುಕೊಂಡಿದ್ದೆ. ತಬೂಬು ಬಂದ ಮೊದಲ ಚಳಿಗಾಲದಲ್ಲಿ ಸಂಜೆಯೆಲ್ಲ ನನ್ನ ಒಲೆಯ ಮುಂದೆಯೇ ಕೂರುತ್ತಿದ್ದಳು, ಬರೀ ರಿಬಾತುಂ ಅಂತ ಕರೆಯುತ್ತಿದ್ದಳು. ನೀನು ಮದುವೆಯಾಗಿ ಹೋದ ಮೇಲೆ ನಾನು ಅಷ್ಟು ನಕ್ಕದ್ದೇ ಇಲ್ಲ. ನಮ್ಮೂರ ಲೆಕ್ಕ ನಿನಗೆ ಕಲಿಸ್ತೀನಿ ಅಂದಳು. ಸಂತೆಯವರ ಲೆಕ್ಕ ನನಗ್ಯಾಕೆ ಅಂದುಬಿಟ್ಟೆ. ಆಮೇಲೆ ಅವಳು ನನ್ನ ಒಲೆಯ ಹತ್ತಿರ ಬರಲಿಲ್ಲ, ಬಾವಿಕಟ್ಟೆಯಲ್ಲಿ ಹುಡುಗಿಯ ಜೊತೆ ಕೂತಳು. ನಾನು ಕರುಬಿದ್ದು ಲಮಸ್ಸಿಯನ್ನು ಕಂಡು, ಬೆಲ್ತಾನಿ, ತಬೂಬುವನ್ನು ಕಂಡಲ್ಲ. ಹೊರಡುವ ದಿನ ಹುಡುಗಿಯನ್ನು ತಬ್ಬಿ ಅತ್ತಳು. ನನಗೆ ಮಾತ್ರ "ಅವ್ವಾರಿಗೆ ಶಮಶ್ ಒಳ್ಳೇದು ಮಾಡ್ಲಿ" ಅಂದಳು, ಇನ್ಬೂಶನಿಗೆ ಅಂದ ಹಾಗೆ. ಅವಳು ನಿಮ್ಮ ಮನೆಗೆ ಬಂದರೆ, ಲಮಸ್ಸಿ ಇಲ್ಲದ ಹೊತ್ತಲ್ಲಿ, ನಮ್ಮಕ್ಕನ ನೆನಪು ಬರುತ್ತದೆಯೇ ಅಂತ ಮಾತಿನ ನಡುವೆ ಕೇಳು. ನಾನು ಕೇಳಲು ಹೇಳಿದೆ ಅನ್ನಬೇಡ. ಬರುತ್ತದೆ ಅಂದರೆ ಬರೆ. ಇಲ್ಲ ಅಂದರೆ ನಿನ್ನ ಮೇಕೆಗಳ ಸುದ್ದಿ ಬರೆ, ನನಗೆ ತಿಳಿಯುತ್ತದೆ.