ರಂಗೋಲಿ ಪಕ್ಕದ ಬುಟ್ಟಿ

ಮಾರ್ಚ್ 5, 2001. ಸೋಮವಾರ, ಬೆಳಿಗ್ಗೆ 7

ಇವತ್ತೂ ಎರಡೇ. ಇಪ್ಪತ್ತು ಎಸೆತಕ್ಕೆ ಎರಡು. ಐದು ಚೈನಿಗೇ ತಾಗಿದವು — ಸಂದಿಯಲ್ಲಿ ತೂರಿ ಆಚೆ ಹೋದವು. ಉಳಿದವು ಅಲ್ಲಿಯವರೆಗೂ ಹೋಗಲಿಲ್ಲ. ಅದು ಕೈಯ ತಪ್ಪು, ಒಪ್ಪಿದೆ. ಆ ಐದು?

ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಅಮೆರಿಕದ ಮಾರ್ಕ್, ಯೋಗ ಕಲಿಯಲು ಬಂದಿದ್ದವನು, ಹೋಗುವಾಗ ಬಿಟ್ಟುಹೋದ ಸಾಮಾನು ಇದು. ಡಿಸ್ಕ್ ಗಾಲ್ಫ್ ಅಂತೆ. ಮಡಚುವ ಕಬ್ಬಿಣದ ಕಂಬ, ಮೇಲೊಂದು ಬಳೆ, ಅದರಿಂದ ಇಳಿಬಿದ್ದ ಹನ್ನೆರಡು ಚೈನು, ಕೆಳಗೆ ಬುಟ್ಟಿ. ದೂರದಿಂದ ಪ್ಲಾಸ್ಟಿಕ್ ಡಿಸ್ಕು ಎಸೆಯಬೇಕು. ಚೈನಿಗೆ ತಾಗಿ ಬುಟ್ಟಿಗೆ ಬಿದ್ದರೆ ಒಂದು. ನನ್ನಂಥ, ಬಲಭುಜ ಮುರಿದುಕೊಂಡ ಬಸ್ ಡ್ರೈವರಿಗೆ ಒಳ್ಳೆಯ ವ್ಯಾಯಾಮ ಎಂದ ಪುಣ್ಯಾತ್ಮ.

ಜಗಲಿ ಮೆಟ್ಟಿಲಿನಿಂದ ಹದಿನೆಂಟು ಹೆಜ್ಜೆ ಅಳೆದು ಇಟ್ಟವನೂ ಅವನೇ. ಸರಿಯಾಗಿ ನನ್ನಾಕೆ ಇಂದ್ರಮ್ಮನ ರಂಗೋಲಿಯ ಅಂಚಿಗೆ ಬಂತು, ಗೇಟಿನ ಒಳಗೆ. ಒಳ್ಳೆಯದೇ ಆಯಿತು. ಸಂಜೆ ಒಳಗಿಟ್ಟು ಬೆಳಿಗ್ಗೆ ತರುವಾಗ ಮತ್ತೆ ಅಳೆಯುವ ಗೋಜಿಲ್ಲ, ರಂಗೋಲಿ ಪಕ್ಕ ನಿಲ್ಲಿಸಿದರೆ ಮುಗಿಯಿತು. ಗೇಟು ತೆಗೆದರೆ ಮಾತ್ರ ಬುಟ್ಟಿಗೆ ಬಡಿಯುತ್ತದೆ. ಹಾಲಿನ ಸಾಕಮ್ಮ ಇವತ್ತೂ ಗೊಣಗಿದಳು: "ಏನ್ ಸ್ವಾಮಿ ಇದು, ದಿನಾ ಕಾಲಿಗಡ್ಡ."

ಮಾರ್ಚ್ 8, ಗುರುವಾರ

ಏಪ್ರಿಲ್ 16ಕ್ಕೆ ಮೆಡಿಕಲ್. ಡಾಕ್ಟರು ಕೈ ಎತ್ತಿಸುತ್ತಾರೆ, ಇಳಿಸುತ್ತಾರೆ, ಸಹಿ ಹಾಕುತ್ತಾರೆ. ಎತ್ತಲು ಈಗಲೂ ಆಗುತ್ತದೆ. ಬಲ ಇದೆಯೋ ಇಲ್ಲವೋ ನನಗೊಬ್ಬನಿಗೇ ಗೊತ್ತು. ಬಸ್ಸಿನಲ್ಲಿ ನನ್ನ ಹಿಂದೆ ಅರವತ್ತು ಜನ ಕೂತಿರುತ್ತಾರೆ.

ಅದಕ್ಕೇ ಈ ಷರತ್ತು, ನನಗೆ ನಾನೇ ಹಾಕಿಕೊಂಡದ್ದು. ಹದಿನೆಂಟು ಹೆಜ್ಜೆಯಿಂದ ಇಪ್ಪತ್ತಕ್ಕೆ ಹತ್ತು. ಬಿದ್ದರೆ ಸ್ಟಿಯರಿಂಗ್. ಬೀಳದಿದ್ದರೆ ಡಿಪೋ ಗೇಟಿನಲ್ಲಿ ಕೂತು ಬಸ್ ನಂಬರ್ ಬರೆಯುವ ಕೆಲಸ, ರಿಟೈರ್ ಆಗುವವರೆಗೆ.

ಹಾಗಾದರೆ ಬುಟ್ಟಿ ಸರಿಯಿರಬೇಕು. ತಾಗಿದ್ದು ಬೀಳಬೇಕು. ಮಾರ್ಕೆಟ್ಟಿನಿಂದ ಆರು ನಾಯಿ ಚೈನು ತಂದೆ. ಎಡಗೈಯಲ್ಲಿ ಇಕ್ಕಳ ಹಿಡಿದು ಎರಡು ಗಂಟೆ ಒದ್ದಾಡಿ ಕಟ್ಟಿದೆ. ಈಗ ಬುಟ್ಟಿಯ ತಲೆ ಭಾರ. ಮೊದಲ ಎಸೆತಕ್ಕೇ ಇಡೀ ಬುಟ್ಟಿ ಮಗುಚಿತು. ದಾಸವಾಳದ ಕುಂಡ ಒಡೆಯಿತು.

ಮಾರ್ಚ್ 14, ಬುಧವಾರ

ಬಸ್ಸಿನ ಹಳೇ ಟ್ಯೂಬು ಕತ್ತರಿಸಿ, ಮರಳು ತುಂಬಿ, ಬುಡಕ್ಕೆ ಸುತ್ತಿದೆ. ಇನ್ನು ಆನೆ ಒದ್ದರೂ ಬೀಳದು. ಆದರೆ ನಾಯಿ ಚೈನು ಒಂದಕ್ಕೊಂದು ಗಂಟು. ಎಸೆ, ಬಿಡಿಸು, ಎಸೆ, ಬಿಡಿಸು... ತಲೆಕೆಟ್ಟು ಇಕ್ಕಳ ಬೀಸಿ ಒಗೆದೆ. ಅದೊಂದು ಮಾತ್ರ ಹದಿನೆಂಟು ಹೆಜ್ಜೆ ದಾಟಿತು.

ಇಂದ್ರಮ್ಮ ಜಗಲಿಯಲ್ಲಿ ನಿಂತಿದ್ದಳು.

"ಕೈ ನೋಯ್ತಾ ಇದ್ಯಾ?"

"ಕೈ ಅಲ್ಲ ಕಣೇ, ಚೈನು ಸರಿಯಿಲ್ಲ."

"ಊಟಾನಾದ್ರೂ ಸರಿಯಾಗಿ ಮಾಡ್ರಿ. ಮೂರು ದಿನದಿಂದ ಅನ್ನ ಕಲಸಿ ಹಂಗೇ ಎದ್ದೋಗ್ತೀರಿ."

ಇವತ್ತು ಮೂರು. ಬರೆಯಲೂ ಬೇಸರ.

ಮಾರ್ಚ್ 27, ಮಂಗಳವಾರ. ಯುಗಾದಿಯ ಮಾರನೆಯ ದಿನ

ಹೋದ ವಾರ ವೆಲ್ಡಿಂಗ್ ಏಕಾಂತಯ್ಯ ಬಳೆಯೊಳಗೆ ಇನ್ನೊಂದು ಸಣ್ಣ ಬಳೆ ಕೂರಿಸಿಕೊಟ್ಟರು. ಮೂರು ಸಲ ಅಲೆಸಿದರು, ಮೊದಲು ಕೂರಿಸಿದ್ದು ಸೊಟ್ಟ. ಹೊರಗೆ ಹಳೇ ಹನ್ನೆರಡು, ಒಳಗೆ ನಾಯಿ ಚೈನು ಆರು. ಗಂಟಿಲ್ಲ. ಐದು, ಏಳು, ಏಳು. ಇವತ್ತು ಎಂಟು.

ಬುಟ್ಟಿಯದೇ ತೊಂದರೆ ಅಂತ ಆಗಲೇ ಹೇಳಿದ್ದೆ. ಯಾರೂ ನಂಬಲಿಲ್ಲ. ಉಳಿದಿದ್ದ ಒಬ್ಬಟ್ಟು ನಾಲ್ಕು ತಿಂದೆ. ಇಂದ್ರಮ್ಮ ಕೇಳದೆಯೇ ಐದನೆಯದು ಹಾಕಿದಳು.

ಏಪ್ರಿಲ್ 9, ಸೋಮವಾರ

ಹದಿಮೂರು. ಖಾಕಿ ಇಸ್ತ್ರಿಗೆ ಕೊಟ್ಟೆ. ಸಾಕಮ್ಮ ಈಗ ಗೊಣಗುವುದಿಲ್ಲ. ಅಭ್ಯಾಸವಾಗಿರಬೇಕು.

ಏಪ್ರಿಲ್ 13, ಶುಕ್ರವಾರ

ಇಂದ್ರಮ್ಮ ನಿನ್ನೆ ಅಂಗಳ ಗುಡಿಸಿ ವಿದ್ಯಾರಣ್ಯಪುರಂಗೆ, ತಂಗಿ ಮನೆಗೆ ಹೋದಳು. ಬೆಳಿಗ್ಗೆ ರಂಗೋಲಿ ಇಲ್ಲ. ಹೆಜ್ಜೆ ಅಳೆದೇ ಬುಟ್ಟಿ ಇಟ್ಟೆ. ಹದಿನೆಂಟು.

ನಾಲ್ಕು ಬಿತ್ತು. ಮೊನ್ನೆ ಹದಿಮೂರು, ಇವತ್ತು ನಾಲ್ಕು. ಬಳೆ ಮತ್ತೆ ಸೊಟ್ಟಗಾಯಿತೇನೋ ಅಂತ ಏಕಾಂತಯ್ಯನವರನ್ನು ಬೈದುಕೊಂಡು ನೋಡುತ್ತಿದ್ದೆ. ಗೇಟು ತೆರೆಯಿತು, ಬುಟ್ಟಿಗೆ ಬಡಿಯಿತು. ಸಾಕಮ್ಮ.

"ಮತ್ತೆ ಇಲ್ಗೇ ತಂದ್ರಾ ಸ್ವಾಮಿ? ಅಲ್ಲಿ ಒಳಗಿತ್ತಲ್ಲ, ಚೆಂದಾಗಿತ್ತು."

ಅವಳು ತೋರಿಸಿದ ಕಡೆ ಬಗ್ಗಿ ನೋಡಿದೆ. ಕಲ್ಲುಸಂದಿಯಲ್ಲಿ ನಿನ್ನೆಯ ರಂಗೋಲಿಯ ಬಿಳಿ ಪುಡಿ ಇನ್ನೂ ಇತ್ತು. ಮೆಟ್ಟಿಲಿನಿಂದ ಅಲ್ಲಿಗೆ ಹದಿನಾಲ್ಕೇ ಹೆಜ್ಜೆ. ಕಣ್ಣು ಚೈನಿನ ಮೇಲೆಯೇ ಇದ್ದರೆ ನೆಲ ಎಲ್ಲಿ ಕಾಣಬೇಕು.

ಸಂಜೆ 6

ಇಂದ್ರಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಬುಟ್ಟಿ ಮುಟ್ಟಿದ್ಯಾ ನೀನು?"

"ನಾನ್ಯಾಕೆ ಮುಟ್ಲಿ. ರಂಗೋಲಿ ಹಾಕ್ದೆ, ಅಷ್ಟೇಯ."

"ದಿನಾ ಎಷ್ಟು ಸರಿಸ್ದೆ?"

ಸೆರಗು ಸರಿಮಾಡಿಕೊಂಡಳು. "ನಾಲ್ಕ್ ಬೆರಳು. ನೀವು ಊಟ ಬುಟ್ಟಾಗಿಂದ."

"ಸೋಮವಾರ ಸಹಿ ಹಾಕಿಸ್ಕೊಂಡು ಬಸ್ ಹತ್ತುತಿದ್ದೆ ಕಣೇ. ಅರವತ್ತು ಜನ."

ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತಳು. "ನಂಗೆ ಅರವತ್ತು ಜನ ಕಾಣ್ಲಿಲ್ಲ ಕಣ್ರೀ. ನೀವೊಬ್ರೇ ಕಾಣ್ತಿದ್ರಿ."

ಸಿಟ್ಟು ಹಾಗೇ ಇದೆ. ಮಾತು ಬಿಟ್ಟಿದ್ದೇನೆ.

ಏಪ್ರಿಲ್ 14, ಶನಿವಾರ

ರಂಗೋಲಿ ಹಳೇ ಜಾಗಕ್ಕೆ ಬಂದಿದೆ, ಗೇಟಿನ ಹತ್ತಿರ. ಎಂಟು ಬಿತ್ತು.

ಈ ಎಂಟು ಕೈಯದೋ, ನಾಯಿ ಚೈನಿನದೋ? ಕೂತು ನೋಡಿದೆ. ತಾಗಿದ್ದು ಬೀಳಲಿ ಅಂತ ಕಟ್ಟಿದ್ದು. ಈಗ ಅಂಚಿಗೆ ಸವರಿಕೊಂಡು ಹೋಗುವುದನ್ನೂ ಒಳಗೆಳೆದುಕೊಳ್ಳುತ್ತದೆ. ಅದೂ ನನಗೆ ಗೊತ್ತಿತ್ತು. ಆದರೂ ಎಣಿಸಿಕೊಳ್ಳುತ್ತಿದ್ದೆ.

ಏಪ್ರಿಲ್ 15, ಭಾನುವಾರ, ಬೆಳಿಗ್ಗೆ 6.30

ನಾಯಿ ಚೈನು ಆರೂ ಕಳಚಿದೆ. ಇಕ್ಕಳ ಬಲಗೈಯಲ್ಲೇ ಹಿಡಿದೆ. ಉಳಿದದ್ದು ಮಾರ್ಕ್ ಕೊಟ್ಟ ಹನ್ನೆರಡು. ಮಾರ್ಚ್ ಐದರ ಬುಟ್ಟಿ, ಮಾರ್ಚ್ ಐದರ ದೂರ. ಹತ್ತು ಬಿದ್ದರೆ ನಾಳೆ ಮೆಡಿಕಲ್. ಒಂಬತ್ತಾದರೂ ಡಿಪೋ ಗೇಟು, ನಾನೇ ಕೇಳಿ ಬರೆಸಿಕೊಳ್ಳುತ್ತೇನೆ.

ಅವಳು ರಂಗೋಲಿ ಸರಿಸಿದಳು, ನಾನು ಚೈನು ಕಟ್ಟಿದೆ. ಅವಳೊಬ್ಬಳ ಮೇಲೆ ತಪ್ಪು ಹೊರಿಸಿ ಎರಡು ದಿನ ಮಾತು ಬಿಟ್ಟೆ.

ಕರೆದು ಹೇಳಿದೆ, ಇವತ್ತು ನೀನೇ ಎಣಿಸು ಅಂತ. ರಂಗೋಲಿ ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬುಟ್ಟಿ ಪಕ್ಕ ಹೋಗಿ ನಿಂತಳು. "ಬಿದ್ದಿದ್ದು ಬಿತ್ತು ಅಂತೀನಿ, ಬೀಳ್ದೇ ಇದ್ದಿದ್ದು ಬೀಳ್ಲಿಲ್ಲ ಅಂತೀನಿ. ಆಮೇಲೆ ಊಟ ಬುಡಂಗಿಲ್ಲ." ಪೆನ್ನು ಇಡ್ರಿ ಅಂತಾಳೆ. ಡಿಸ್ಕು ಮೆಟ್ಟಿಲ ಮೇಲಿದೆ. ಇಪ್ಪತ್ತು ಎಸೆತ. ಎಣಿಸುವವಳು ಅವಳು. ಮೊದಲನೆಯದು —