ಫೋಕಸ್ ನಿಂತ ಜಾಗ

ಹುವಾರಿನಾ,
ಅಕ್ಟೋಬರ್ 19

ನನ್ನ ಮೊಂಡು ಮಗಳು ನೀಲ್ದಾಳಿಗೆ,

ಅಮ್ಮನ ಮುತ್ತು ಮೊದಲು, ಬೈಗುಳ ಆಮೇಲೆ. ಮಿನಿಬಸ್ಸಿನವನ ಕೈಯಲ್ಲಿ ನೀನು ಕಳಿಸಿದ ಡಬ್ಬಿ ಬಂದು ಸೇರಿತು. ಕ್ಯಾಮೆರಾ, ಅದಕ್ಕೆ ಹಾಕಿದ್ದ 35ರ ಲೆನ್ಸು, ಒಳಗೆ ಕಾರ್ಡು, ಮೇಲೊಂದು ಚೀಟಿ: "ಅಮ್ಮಾ, ಈ ಲೆನ್ಸು ಕೆಟ್ಟೋಗಿದೆ, ಫೋಕಸ್ಸು ಎಲ್ಲೆಲ್ಲೋ ಹೋಗಿ ಬೀಳತ್ತೆ. ಇದನ್ನ ಮಾರಿ ಬೇರೆ ತಗೋತೀನಿ. 23 ತಗೊಳ್ಳಲಾ, 56 ತಗೊಳ್ಳಲಾ? ತೀರಿಕೊಂಡ ಅಪ್ಪಂಗೆ ನವೆಂಬರಲ್ಲಿ ಊಟ ಇಡೋ ಕೊನೇ ಮೇಜಿನ ಫೋಟೋ ಈ ಸಲನಾದ್ರೂ ಚೆನ್ನಾಗಿ ಬರ್ಬೇಕು." ಫೋನು ಮಾಡಿದರೆ ನೀನು ಅರ್ಧಕ್ಕೇ ನಗುತ್ತೀ, ಇಲ್ಲವೇ ಮಗು ಅತ್ತಿತು ಅಂತ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ನಿಂತುಕೊಂಡಲ್ಲ, ಕೂತು ಓದು.

ಮೊದಲು ಲೆನ್ಸಿನ ವಿಚಾರ ಮುಗಿಸುತ್ತೇನೆ. 56 ಬೇಡ. ಮದುವೆಯಲ್ಲಿ ದೂರ ನಿಂತು ಹುಡುಗಿಯ ಮುಖ ತೆಗೆಯಲು ಅದು ಬಂಗಾರದಂಥದ್ದು, ಒಪ್ಪಿದೆ. ಆದರೆ ನಿನ್ನ ಕ್ಯಾಮೆರಾ ಅಂಗೈಯಗಲ. ಆ ದಪ್ಪ ಗಾಜು ಸಿಕ್ಕಿಸಿದರೆ ಮೂತಿ ಭಾರವಾಗಿ ಮುಂದಕ್ಕೇ ಬಾಗುತ್ತೆ, ಸಂಜೆಗೆ ನಿನ್ನ ಮಣಿಕಟ್ಟು ಹಿಡಿದುಕೊಳ್ಳುತ್ತೆ. ನಮ್ಮ ಕೋಣೆಯಲ್ಲಿ ಬೆನ್ನು ಗೋಡೆಗೆ ಒತ್ತಿ ನಿಂತರೂ ಅದರಲ್ಲಿ ಮೇಜು ಪೂರ್ತಿ ಹಿಡಿಸದು. 23ರಲ್ಲಿ ಮೇಜೂ ಬರುತ್ತೆ, ಮೇಜಿನ ಮುಂದೆ ಕೂತವರೂ ಬರುತ್ತಾರೆ. ಅದರಲ್ಲೂ ಬಾಯಿ ಕಡಿಮೆ ತೆರೆಯುವ 2ರದ್ದು ಚಿಕ್ಕದು, ಚೆಂದ, ಅಗ್ಗ. ಆದರೂ 1.4ರದ್ದನ್ನೇ ತಗೊಳ್ಳಬೇಕು, ಯಾಕೆಂದರೆ ಕಿಟಕಿಗೆ ಕರಿಬಟ್ಟೆ ಹೊದಿಸಿದ ಮಣ್ಣಿನ ಮನೆಯಲ್ಲಿ ಬಾಯಿ ಅಗಲ ತೆರೆಯುವ ಲೆನ್ಸಿಗಷ್ಟೇ ಮೋಂಬತ್ತಿಯ ಬೆಳಕು ಸಾಲುತ್ತೆ. ಫ್ಲಾಶ್ ಇದೆಯಲ್ಲ ಅನ್ನಬೇಡ. ನಮ್ಮ ಸ್ಟುಡಿಯೋದಲ್ಲಿ ಗುರುತುಚೀಟಿಯ ಫೋಟೋಕ್ಕೆ ಬಂದವರ ಕಣ್ಣಿಗೆ ದಿನವಿಡೀ ಫ್ಲಾಶ್ ಹೊಡೆದ ನಿಮ್ಮಪ್ಪನೇ ಸತ್ತವರ ಮೇಜಿನ ಮುಂದೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಅಷ್ಟು ದೂರದಿಂದ ಬಂದಿರ್ತಾರೆ ಕಣೇ, ಮುಖಕ್ಕೆ ಹೊಡೆದು ಓಡಿಸ್ಬೇಕಾ?" ಅನ್ನುತ್ತಿದ್ದರು.

ಆದರೆ ನಿನ್ನ 35ನ್ನು ಮಾರಬೇಡ. ಅದು ಕೆಟ್ಟಿಲ್ಲ.

ಡಬ್ಬಿ ಬಂದ ದಿನವೇ ಪರೀಕ್ಷೆ ಮಾಡಿದೆ. ಕಿಟಕಿಯ ಪಕ್ಕ ಪತ್ರಿಕೆ ಹಾಸಿ, ಅದರ ಮೇಲೆ ಸ್ಕೇಲನ್ನು ಓರೆಯಾಗಿಟ್ಟು, ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದೆ. ಯಾವ ಗೀರಿನ ಮೇಲೆ ಇಟ್ಟೆನೋ ಆ ಗೀರೇ ಸ್ಪಷ್ಟ, ಅದರ ಹಿಂದುಮುಂದೆಲ್ಲ ಮಂಜು. ಹತ್ತಿರದಿಂದ ತೆಗೆದೆ, ದೂರದಿಂದ ತೆಗೆದೆ, ಸ್ಟುಡಿಯೋಕ್ಕೆ ಬಂದ ಗಿರಾಕಿಯನ್ನು ನಿಲ್ಲಿಸಿ ತೆಗೆದೆ. ಕೂದಲೆಳೆ ತಪ್ಪಲಿಲ್ಲ. ಒಳಗೆ ಕನ್ನಡಿಯಿದ್ದ ಹಳೇ ಕ್ಯಾಮೆರಾಗಳಿಗೆ ಫೋಕಸ್ಸು ಮುಂದೆ ಹಿಂದೆ ಬೀಳುವ ರೋಗ ಇತ್ತು. ಲೆನ್ಸಿಗೂ ಕ್ಯಾಮೆರಾಕ್ಕೂ ಗಂಡಹೆಂಡಿರಂತೆ ಹೊಂದಿಕೆ ಆಗುತ್ತಿರಲಿಲ್ಲ. ನಿನ್ನದರಲ್ಲಿ ಕನ್ನಡಿಯೇ ಇಲ್ಲವಲ್ಲೇ. ಅದು ಏನನ್ನು ನೋಡುತ್ತೋ ಅದರ ಮೇಲೇ ನಿಲ್ಲುತ್ತೆ. ಮುಖ ಹುಡುಕುವುದನ್ನೂ ನೀನು ಆನ್ ಮಾಡಿಟ್ಟಿದ್ದೀ, ನೋಡಿದೆ.

ಹಾಗಾದರೆ ನಿನ್ನ ಫೋಟೋಗಳಲ್ಲಿ ಅದು ನೋಡಿದ್ದೇನನ್ನು? ಕಾರ್ಡಿನಲ್ಲಿದ್ದ ಮೇಜಿನ ಫೋಟೋಗಳನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಮೇಜಿನ ಮೇಲಿನ ಹಣ್ಣು, ಕಬ್ಬು, ಬ್ರೆಡ್ಡಿನ ಬೊಂಬೆಗಳು, ಅಪ್ಪನ ಪಟ, ಎಲ್ಲ ಮಂಜು. ನೀನು ಅಷ್ಟನ್ನೇ ನೋಡಿ ಲೆನ್ಸಿಗೆ ಬೈದೆ. ನಾನು ನೆಲ ನೋಡಿದೆ. ಫೋಕಸ್ಸು ಎಲ್ಲಿ ನಿಂತಿದೆ ಅಂತ ತಿಳಿಯಬೇಕಾದರೆ ನೆಲ ನೋಡಬೇಕು. ಅಲ್ಲಿ ಒಂದು ಪಟ್ಟೆಯಷ್ಟು ಮಣ್ಣು ಹರಳುಹರಳಾಗಿ ಕಾಣುತ್ತೆ. ಮೊದಲ ವರ್ಷದ ಫೋಟೋದಲ್ಲಿ ಆ ಪಟ್ಟೆ ಮೇಜಿನ ಕಾಲ ಬುಡದಲ್ಲಿದೆ. ಹೋದ ವರ್ಷ ನವೆಂಬರ್ ಒಂದನೇ ತಾರೀಖು ಮಧ್ಯಾಹ್ನ, ಸತ್ತವರು ಮನೆಗೆ ಬರುವ ಹೊತ್ತಲ್ಲಿ ತೆಗೆದದ್ದರಲ್ಲಿ ಕೋಣೆಯ ನಡುಮಧ್ಯೆ, ಬೆಂಚಿನ ಹತ್ತಿರ. ಮಾರನೇ ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ತೆಗೆದೆಯಲ್ಲ, ಅದರಲ್ಲಿ ನಿನ್ನ ಕಾಲ ಬಳಿಯೇ ಇದೆ. ಅಲ್ಲಿ ಏನೂ ಇಲ್ಲ ನೀಲ್ದಾ, ಬರೀ ಗಾಳಿ.

ಈಗ ಬೈಗುಳ. ಆವತ್ತು ಮಧ್ಯಾಹ್ನದ ಮೇಲೆ ರಸ್ತೆ ಬಂದ್ ಮಾಡ್ತಾರಂತೆ ಅಂತ ಯಾರೋ ಅಂದರು, ನೀನು ಹೊಟ್ಟೆ ಹೊತ್ತುಕೊಂಡು ಬೆಳಿಗ್ಗೆಯೇ ಓಡಿದೆ. ಎರಡನೇ ತಾರೀಖು ಮಧ್ಯಾಹ್ನದವರೆಗೂ ಸತ್ತವರು ಮನೆಯಲ್ಲೇ ಇರುತ್ತಾರೆ, ಕಳಿಸಿಕೊಟ್ಟ ಮೇಲೆ ಎದ್ದು ಹೋಗುತ್ತಾರೆ, ಅಲ್ಲಿಯವರೆಗೆ ಮೇಜಿನ ಮೇಲಿನದ್ದನ್ನು ಮುಟ್ಟಬಾರದು. ಇದು ನಿನಗೆ ಗೊತ್ತಿಲ್ಲದ್ದೇ? ಆದರೂ ದಾರಿಯಲ್ಲಿ ತಿನ್ನಲು ಅಪ್ಪನ ಹೆಸರಿನ ಬ್ರೆಡ್ಡಿನ ಬೊಂಬೆಯನ್ನೇ ಎತ್ತಿಕೊಂಡು ಹೋದೆಯಲ್ಲೇ, ಆ ಮೀಸೆ ಬರೆದ ಬೊಂಬೆಯನ್ನು! ಮಿನಿಬಸ್ಸಿನಿಂದ ಫೋನು ಮಾಡಿ "ಬಸುರಿ ಬಯಕೆ ಅಮ್ಮಾ, ತಡ್ಕೊಳ್ಳಕ್ಕಾಗ್ಲಿಲ್ಲ" ಅಂತ ಕಿಸಿಕಿಸಿ ನಕ್ಕೆ. ನಾನೂ ನಕ್ಕೆ. ಬಸುರಿಗೆ ಏನು ಹೇಳುವುದು? ಆದರೆ ಮಧ್ಯಾಹ್ನ ಪ್ರಾರ್ಥನೆಗೆ ಬಂದ ಸತುರ್ನೀನಾ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟಳು. ಊರಿನ ಎಲ್ಲ ಮೇಜುಗಳ ಮುಂದೆ ಪ್ರಾರ್ಥನೆ ಹೇಳಿದವಳು ಅವಳು. "ಯಾರನ್ನೇ ಕಳಿಸೋದು ಇಲಾರಿಯಾ? ಇಲ್ಲಿ ಯಾರೂ ಇಲ್ವಲ್ಲ. ಆಗ್ಲೇ ಎದ್ದು ಹೋಗಿದಾನೆ ನಿನ್ನ ಗಂಡ" ಅಂದಳು. ಮುದುಕಿಗೆ ಕಣ್ಣು ಮಂಜಾಗಿದೆ ಅಂದುಕೊಂಡು ಅವಳ ಕೈಗೆ ಒಂದು ಲೋಟ ಜೋಳದ ಚಿಚಾ ಕುಡಿಯಲು ಕೊಟ್ಟು ಕೂರಿಸಿದೆ.

ಕಣ್ಣು ಮಂಜಾಗಿದ್ದು ನನಗೆ. ನಿಮ್ಮಪ್ಪ ಬೊಂಬೆಯ ಹಿಂದೆಯೇ ಹೋಗಿ ಮಗಳ ಮನೆ ಸೇರಿಕೊಂಡಿದ್ದಾರೆ, ಮಹಾರಾಯರು.

ಅನಾಯಿ ಹುಟ್ಟಿದ ಮೇಲಿನ ಫೋಟೋಗಳನ್ನೂ ನೋಡಿದೆ. ಮಗುವಿನ ಮುಖ ಒಂದರಲ್ಲೂ ನೆಟ್ಟಗೆ ಬಂದಿಲ್ಲ. ತೊಟ್ಟಿಲಲ್ಲಿ ತೆಗೆದದ್ದರಲ್ಲಿ ಈಚೆ ಬದಿಯ ಕಂಬಳಿಯ ಅಂಚು ಸ್ಪಷ್ಟ. ಸ್ನಾನದ ಬೋಗುಣಿಯಲ್ಲಿ ತೆಗೆದದ್ದರಲ್ಲಿ ಮೇಲೆತ್ತಿದ ಅವಳ ಕೈ ಮಾತ್ರ ಸ್ಪಷ್ಟ. ಆ ಕೈ ಏನನ್ನೋ ಹಿಡಿದಂತೆ ಮುಚ್ಚಿದೆ, ದೊಡ್ಡವರ ಬೆರಳು ಹಿಡಿದ ಕೂಸಿನ ಮುಷ್ಟಿ ಹೇಗಿರುತ್ತೋ ಹಾಗೇ. ಕೊನೆಯದ್ದು ನಿನ್ನ ಹಾಸಿಗೆಯಲ್ಲಿ ತೆಗೆದದ್ದು. ಅದರಲ್ಲಿ ಅವಳು ಆಚೆ ಮಲಗಿದ್ದಾಳೆ, ಮಂಜು. ಸ್ಪಷ್ಟವಾಗಿರುವುದು ಪಕ್ಕದ ದಿಂಬು. ಅದರ ನಡುವೆ ತಲೆಯಿಟ್ಟಷ್ಟು ತಗ್ಗಿದೆ, ಬಟ್ಟೆಯ ನೂಲು ಎಣಿಸಬಹುದು. ರುಬೇನ್ ಆಗ ಗಣಿಯಲ್ಲಿದ್ದ ಅಂತ ನೀನೇ ಹೇಳಿದ್ದೆ. ನಿನ್ನ ಗಂಡ ಮನೆಯಲ್ಲಿಲ್ಲದ ಮೇಲೆ ಆ ದಿಂಬಿನ ಮೇಲೆ ಮಲಗಿದ್ದು ಯಾರೇ?

ನಗಬೇಡ. ನೀನೇ ಹೋದ ವಾರ ಫೋನಿನಲ್ಲಿ ಅಳುತ್ತಾ ಹೇಳಿದೆಯಲ್ಲ, ಮಗು ತೂಕ ಏರುತ್ತಿಲ್ಲ, ಡಾಕ್ಟರಿಗೆ ಏನೂ ಸಿಗುತ್ತಿಲ್ಲ, ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು ನಿನ್ನ ಭುಜದಾಚೆ ನೋಡಿ ನಗುತ್ತಾಳೆ ಅಂತ. ಸತುರ್ನೀನಾ ಅಜ್ಜಿಗೆ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ನನ್ನ ಕೈ ಹಿಡಿದುಕೊಂಡು, "ನಿನ್ನ ಗಂಡ ಕಾಸಿಯಾನೋ ಕೆಟ್ಟವನಲ್ಲ ಕಣವ್ವಾ, ಮೊಮ್ಮಗು ಅಂತ ಆಸೆ. ಆದ್ರೆ ಸತ್ತೋರಿಗೆ ತಮ್ಮ ಮುದ್ದು ಎಷ್ಟು ತಣ್ಣಗಿರತ್ತೆ ಅಂತ ಗೊತ್ತಾಗಲ್ಲ. ಮುದ್ದು ಮಾಡ್ತಾ ಮಾಡ್ತಾ ಜೊತೇಲಿ ಕರ್ಕೊಂಡೇ ಹೋಗ್ತಾರೆ. ಯಾರ ಮನೇಲಿ ಉಳೀತಾರೋ ಆ ಮನೆಯವರನ್ನ" ಅಂದಳು. ಇದು ಮೂರನೇ ಮೇಜು. ವರ್ಷಕ್ಕೊಂದರಂತೆ ಮೂರು ಮೇಜು ಹಾಕಿ ಕಳಿಸಿದ ಮೇಲೆ ಮತ್ತೆ ಹಾಕುವಂತಿಲ್ಲ, ಅವರು ಬರುವಂತಿಲ್ಲ. ಈ ಸಲ ಕರೆತರದಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸಲು ಇನ್ಯಾವ ದಿನವೂ ಇಲ್ಲ. ನನಗೆ ನಮ್ಮ ಅನಾಯಿ ಬೇಕು. ಅಷ್ಟೇ.

ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತೆ. ಮೊನ್ನೆ ಕಿಟಕಿಗೆ ಕರಿಬಟ್ಟೆ ಹಾಕಿ, ಅಪ್ಪನ ಪಟದ ಮುಂದೆ ಮೋಂಬತ್ತಿ ಹಚ್ಚಿ, ನಿನ್ನ ಕ್ಯಾಮೆರಾ ಹಿಡಿದು ಕೂತೆ. ಹೊಸ ಮಡಿಕೆಲಂಗ ಉಟ್ಟಿದ್ದೆ, ಜಡೆಗೆ ಕುಚ್ಚು ಕಟ್ಟಿದ್ದೆ, ಹುಚ್ಚಿ ನಾನು. ಒತ್ತಿದೆ. ಫೋಕಸ್ಸು ಸೀದಾ ಹೋಗಿ ಹಿಂದಿನ ಗೋಡೆಯ ಮೇಲೆ ಕೂತಿತು, ಗೋಡೆಯ ಬಿರುಕೆಲ್ಲ ಸ್ಪಷ್ಟ. ಮತ್ತೆ ಒತ್ತಿದೆ, ಮತ್ತೆ ಗೋಡೆ. ನನ್ನ ಮುಂದೆ ಯಾರೂ ಇರಲಿಲ್ಲ. ಆಗ ಬಂದ ಅಳು ಭಯದ್ದಲ್ಲ ಮಗಳೇ, ಹೊಟ್ಟೆಕಿಚ್ಚಿನದು. ಅಷ್ಟು ವರ್ಷ ಅವರ ಜೊತೆ ಕತ್ತಲ ಕೋಣೆಯಲ್ಲಿ ಫಿಲಂ ತೊಳೆದವಳು ನಾನು, ಅವರ ಕೆಮ್ಮಿಗೆ ಕಷಾಯ ಕಾಸಿದವಳು ನಾನು. ಒಂದು ಸಲ ನನ್ನ ಕಡೆ ಹೆಜ್ಜೆ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಿನ್ನ ಮೇಲೆ ಎರಡು ದಿನ ಸಿಟ್ಟಿತ್ತು. ಈಗಿಲ್ಲ.

ಆದ್ದರಿಂದ ಹೇಳಿದಂತೆ ಕೇಳು. ಒಂದನೇ ತಾರೀಖು ಮಧ್ಯಾಹ್ನದೊಳಗೆ ಮಗುವನ್ನು ಎತ್ತಿಕೊಂಡು ಬಾ. ರಸ್ತೆ ತಡೆ ಇದ್ದರೆ ಇಳಿದು ನಡೆದು ಬಾ, ಕಲ್ಲು ಗುಡ್ಡೆ ಹಾಕಿದವರೂ ಆ ದಿನ ಕೂಸು ಹೊತ್ತವಳನ್ನು ತಡೆಯುವುದಿಲ್ಲ. ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, "ಅಪ್ಪಾ, ಅಮ್ಮನ ಮನೆಗೆ ಹೋಗ್ತಿದೀವಿ, ಬಾ" ಅಂತ ಬಾಯಿಬಿಟ್ಟು ಕರಿ. ನಾಚಿಕೊಳ್ಳಬೇಡ. ದಾರಿಯಲ್ಲಿ ಪಕ್ಕದ ಸೀಟಿಗೂ ಟಿಕೆಟ್ ತಗೋ. ಡ್ರೈವರ್ ಕೇಳಿದರೆ ಸಾಮಾನಿಗೆ ಅನ್ನು. ಇಲ್ಲಿಗೆ ಬಂದು ಮೇಜಿನ ಮುಂದೆ ಕೂತ ಮೇಲೆ ಅನಾಯಿಯನ್ನು ಮೋಂಬತ್ತಿಯ ಬೆಳಕಲ್ಲಿ ಇದೇ 35ರಲ್ಲಿ ತೆಗಿ, ಬಾಯಿ ಪೂರ್ತಿ ತೆರೆದು. ಅವಳ ಮುಖ ಸ್ಪಷ್ಟ ಬರುವವರೆಗೂ ತೆಗೆಯುತ್ತಿರು. ಬಂತು ಅಂದರೆ ಅವರು ಅವಳ ಪಕ್ಕದಿಂದ ಎದ್ದು ಮೇಜಿಗೆ ಬಂದರು ಅಂತ. ಎರಡನೇ ತಾರೀಖು ಮಧ್ಯಾಹ್ನ ಪ್ರಾರ್ಥನೆ ಮುಗಿದ ಮೇಲೆ, ಏನನ್ನೂ ಮುಟ್ಟದೆ, ಒಂದು ಚೂರು ಬ್ರೆಡ್ಡನ್ನೂ ಚೀಲಕ್ಕೆ ಹಾಕದೆ ನೀನು ಹೊರಡು. ಮಿಕ್ಕದ್ದನ್ನು ನಾನೂ ಸತುರ್ನೀನಾ ಅಜ್ಜಿಯೂ ನೋಡಿಕೊಳ್ಳುತ್ತೇವೆ. ಅವರನ್ನು ಕಳಿಸಿಕೊಟ್ಟ ಮೇಲೆ ಮಗು ಮೈ ತುಂಬಿಕೊಳ್ಳುತ್ತೆ, ನೋಡುತ್ತಿರು.

ಕ್ಯಾಮೆರಾವನ್ನು ಇದೇ ಡ್ರೈವರ್ ಕೈಯಲ್ಲಿ ವಾಪಸ್ ಕಳಿಸಿದ್ದೇನೆ. ಅಷ್ಟರವರೆಗೆ ಮಗುವಿನ ಫೋಟೋ ತೆಗೆಯಬೇಡ. ದಿಂಬನ್ನು ತಿರುಗಿಸಿ ಇಡು. ಹೆದರಬೇಡ ಪುಟ್ಟಿ, ನಿಮ್ಮಪ್ಪನೇ ತಾನೇ.

ನಿನ್ನನ್ನೂ ಕೂಸನ್ನೂ ಎದೆಗೊತ್ತಿಕೊಂಡು,
ಅಮ್ಮ
ಇಲಾರಿಯಾ

ಮರೆತಿದ್ದೆ: ನಿನ್ನ 35 ನಿನಗಿರಲಿ. ಬರುವಾಗ ಆ 23ನ್ನು ಕೊಂಡು ತಾ, ನನಗೆ. ತೀರಾ ಹತ್ತಿರ ಇರುವುದನ್ನೂ ಹಿಡಿಯುವಂಥದ್ದೇ ಆಗಬೇಕು, ಮೊಳದೊಳಗೆ ಕೂತವರ ಮುಖ ಕೂಡ. ಅಂಗಡಿಯವನನ್ನು ಎರಡು ಸಲ ಕೇಳು. ಇನ್ನೊಂದು ವಿಷಯ, ಇದನ್ನು ಅಜ್ಜಿಯ ಮುಂದೆ ಬಾಯಿ ಬಿಡಬೇಡ. ಹೊರಟವರು ಮೇಲೆ ಹತ್ತಲಿ ಅಂತ ಮೇಜಿನ ಮೇಲೆ ಬ್ರೆಡ್ಡಿನ ಏಣಿ ಇಡುತ್ತೇವಲ್ಲ, ಬೇಕರಿಯವನಿಗೆ ಈ ಸಲ ಅದು ಬೇಡ ಅಂದಿದ್ದೇನೆ. ಅವಳು ಕೇಳಿದರೆ ದಾರಿಯಲ್ಲಿ ಮುರಿಯಿತು ಅನ್ನು. ನೀನು ಮಗುವನ್ನೆತ್ತಿಕೊಂಡು ಹೊರಟವಳು ತಿರುಗಿ ನೋಡಬೇಡ, ಬಾಗಿಲನ್ನು ಒಳಗಿನಿಂದ ನಾನೇ ಹಾಕಿಕೊಳ್ಳುತ್ತೇನೆ.