ಹೆಸರು ಹೇಳದ ಪ್ರಾರ್ಥನೆ

ಜೂನ್ 2, ಸೋಮವಾರ. ಬೆಳಿಗ್ಗೆ 6.40

ಎರಡನೇ ಮಷಿನ್ ಮತ್ತೆ ಮುನಿಸಿಕೊಂಡಿದೆ. ಆಪರೇಷನ್ ಥಿಯೇಟರ್‌ನ ಹಸಿರು ಬಟ್ಟೆ ಎಂಟಕ್ಕೆ ಮೇಲೆ ಹೋಗಬೇಕು. ಒದ್ದೆ ಚಾದರಗಳ ಗುಡ್ಡೆ ಬಾಗಿಲ ತನಕ. ಒಬ್ಬಳು ಮಷಿನ್‌ಗೆ ಬೈಯಲು ಹೊರಟವಳು ನನ್ನನ್ನು ನೋಡಿ ನುಂಗಿಕೊಂಡಳು. "ಇದರ... ಇದರ ಮನೆ ತಣ್ಣಗಿರ್ಲಿ!" ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಹನ್ನೆರಡು ವರ್ಷದಿಂದ ಇನ್‌ಚಾರ್ಜ್. ನನ್ನೆದುರು ಯಾರೂ ಕೆಟ್ಟ ಮಾತಾಡುವುದಿಲ್ಲ, ಯಾರೂ ಸೋಪಿನ ಪುಡಿ ಮನೆಗೆ ಒಯ್ಯುವುದಿಲ್ಲ. ನಿನ್ನೆ ಪಾಸ್ಟರ್, "ಕೆಲಸದ ಜಾಗದಲ್ಲಿ ನಮ್ಮ ನಡತೆಯೇ ಪ್ರಸಂಗ" ಅಂದಾಗ ನನ್ನ ಕಡೆಗೇ ನೋಡಿದರು. ನೋಡಲಿ ಅಂತಲೇ ಎರಡನೇ ಸಾಲಿನಲ್ಲಿ ಕೂತಿದ್ದೆ. ಅದು ಬೇರೆ ಮಾತು.

ಇಸ್ತ್ರಿಯವಳು ಇವತ್ತು ತಾನಾಗಿ ಮಾತಾಡಿದಳು. ಈ ಇಪ್ಪತ್ತೆಂಟಕ್ಕೆ ಅವಳು ಕೆಲಸಕ್ಕೆ ಸೇರಿ ಆರು ತಿಂಗಳು. ಆರು ತಿಂಗಳು ಒಂದೇ ಕಡೆ ದುಡಿದ ಸರ್ಟಿಫಿಕೇಟ್ ಕೊಟ್ಟರೆ, ಮಕ್ಕಳ ನಿಲಯದವರು ಮಗಳನ್ನು ಅವಳ ಜೊತೆ ಕಳಿಸುತ್ತಾರಂತೆ. ಒಂಬತ್ತು ವರ್ಷದ ಹುಡುಗಿ. "ಮಂಚ ತಗೊಂಡಿದ್ದೀನಿ ಅಕ್ಕ, ಚಿಕ್ಕದು," ಅಂದಳು. ಕೈಯಲ್ಲಿ ಅಳತೆ ತೋರಿಸಿದಳು.

ಜೂನ್ 4, ಬುಧವಾರ. ಸಂಜೆ

ಚರ್ಚಿನ ಪ್ರಾರ್ಥನೆ ಕೂಟದಿಂದ ಈಗ ಬಂದೆ. ಹದಿನಾಲ್ಕು ಜನ ಹೆಂಗಸರು. ಪ್ರಾರ್ಥನೆ ವಿಷಯ ಕೇಳಿದಾಗ ಎದ್ದು ನಿಂತೆ. ನಮ್ಮಲ್ಲಿ ಕೆಲಸ ಮಾಡುವ ಒಬ್ಬ ಸಹೋದರಿ. ಹೊಡೆಯುವ ಗಂಡನ ಮೇಲೆ ಕುದಿಯುವ ನೀರು ಎರಚಿ ಎರಡು ವರ್ಷ ಜೈಲಲ್ಲಿದ್ದವಳು. ಮಗಳು ಕೈಸೇರಲಿ ಅಂತ ಭಾರ ಹೊತ್ತು ಬೇಡೋಣ. ಹೆಸರು ಹೇಳಲಿಲ್ಲ. ಹೇಳುತ್ತ ನನಗೇ ಅಳು ಬಂತು. ಎಲ್ಲರೂ ಅತ್ತರು. ಒಳ್ಳೆಯ ಪ್ರಾರ್ಥನೆ.

ಮನೆಯವರು ಪೇಪರ್‌ನಿಂದ ತಲೆ ಎತ್ತಲಿಲ್ಲ. "ಅದು ಪ್ರಾರ್ಥನೆ ಕೂಟವೋ, ಸುದ್ದಿ ಪ್ರಸಾರವೋ?"

ಬಾಯಿಗೆ ಬಂದದ್ದು ಅಂದೆ ಅವರಿಗೆ. ನಂಬಿಕೆಯಿಲ್ಲದವರಿಗೆ ಏನು ಗೊತ್ತು.

ಜೂನ್ 6, ಶುಕ್ರವಾರ

ಕೂಟದಲ್ಲಿ ನಮ್ಮ ಸ್ಟೋರ್‌ಕೀಪರ್‌ನ ಹೆಂಡತಿಯೂ ಇದ್ದಳು. ಹೊಳೆಯಲೇ ಇಲ್ಲ! ನಮ್ಮ ವಿಭಾಗದಲ್ಲಿ ಇತ್ತೀಚೆಗೆ ಸೇರಿದವಳು ಒಬ್ಬಳೇ. ಹೆಸರು ಬೇರೆ ಹೇಳಬೇಕಿತ್ತೇ?

ಮಧ್ಯಾಹ್ನ ಊಟದ ಬೆಂಚಿನಲ್ಲಿ ಇಸ್ತ್ರಿಯವಳ ಪಕ್ಕ ಯಾರೂ ಕೂರಲಿಲ್ಲ. ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ಹೋಗುವಾಗ ನನ್ನನ್ನು ನೋಡಿದಳು. ಈ ವಿಷಯ ನನ್ನೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ ಅವಳು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಜೂನ್ 9, ಸೋಮವಾರ

ಬರೆಯಲೇಬೇಕು. ಬೇರೆ ಯಾರ ಹತ್ತಿರ ಹೇಳಲಿ.

ಹತ್ತು ಗಂಟೆಗೆ ಸೂಪರಿಂಟೆಂಡೆಂಟ್ ಸಾಹೇಬರಿಂದ ಕರೆ. ಅವಳು ಮೊದಲೇ ಅಲ್ಲಿ ನಿಂತಿದ್ದಳು. ಮೇಜಿನ ಮೇಲೆ ಅವಳ ಅರ್ಜಿ. ಸಾಹೇಬರು ಒಂದು ಖಾನೆಗೆ ಬೆರಳಿಟ್ಟರು. ಹಿಂದೆ ಯಾವುದಾದರೂ ಶಿಕ್ಷೆ ಆಗಿದೆಯೇ? ಖಾಲಿ.

"ಮುಚ್ಚಿಟ್ಟಿದ್ದಾಳೆ. ಪಾಪ, ನೀವು ನಂಬಿ ಅರ್ಜಿ ತುಂಬಿಸಿ ಕೊಟ್ರಿ. ನಿಮ್ಗೇ ಟೋಪಿ ಹಾಕಿದ್ಳಲ್ಲಮ್ಮ!"

ಹಾಕಿರಲಿಲ್ಲ. ಅರ್ಜಿ ತುಂಬಿದ ದಿನ ಅವಳು ಎಲ್ಲ ಹೇಳಿಯೇ, "ಇದನ್ನ ಬರೀಲೇಬೇಕಲ್ವಾ ಅಕ್ಕ?" ಅಂತ ಕೇಳಿದ್ದಳು. ಖಾಲಿ ಬಿಡು ಅಂದವಳು ನಾನು. ನನ್ನ ಮಾತಿನ ಮುಂದೆ ಖಾನೆ ಯಾವ ಲೆಕ್ಕ ಅನ್ನುವ ಜಂಬ.

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಅವಳೂ.

ತಲೆ ಆಡಿಸಿದೆ. ಹೌದು ಅಂತ. ದೇವರೇ, ಹೌದು ಅಂತ ತಲೆ ಆಡಿಸಿದೆ.

ಅವಳು ಒಂದು ಮಾತು ಆಡಲಿಲ್ಲ. ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. "ಇಪ್ಪತ್ತಕ್ಕೆ ಕಮಿಟಿ ಇದೆ, ಅಲ್ಲಿ ತನಕ ಬರ್ಬೇಡ," ಅಂದರು ಸಾಹೇಬರು. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ನನ್ನ ಮೇಜಿನ ಮೇಲಿಟ್ಟು ಹೋದಳು.

ಜೂನ್ 15, ಭಾನುವಾರ

ಆರು ದಿನ ಈ ಪುಸ್ತಕ ಮುಟ್ಟಲಿಲ್ಲ. ಮುಟ್ಟಿದರೆ ನಿಜ ಬರೆಯಬೇಕಲ್ಲ.

ಆರಾಧನೆ ಮುಗಿದ ಮೇಲೆ ಸ್ಟೋರ್‌ಕೀಪರ್‌ನ ಹೆಂಡತಿ ಎರಡೂ ಕೈ ಹಿಡಿದುಕೊಂಡಳು. "ಎಂಥಾ ಮೋಸ ಅಕ್ಕ ನಿಮ್ಗೆ! ಒಳ್ಳೇವ್ರಿಗೆ ಕಾಲ ಇಲ್ಲ." ಮತ್ತೊಬ್ಬಳು, "ಆದ್ರೂ ಅವಳಿಗಾಗಿ ಪ್ರಾರ್ಥನೆ ಮಾಡಿದ್ರಲ್ಲ, ಅದು ದೊಡ್ಡ ಗುಣ." ನಾನು ಇಲ್ಲ ಅನ್ನಲಿಲ್ಲ. ನಾಚಿಕೆಯಿಂದ ಬೆವರುತ್ತಿದ್ದೆ, ಅದನ್ನೂ ಅವರು ದೀನತೆ ಅಂದುಕೊಂಡರು.

ಮನೆಯವರಿಗೆ ಎಲ್ಲ ಹೇಳಿದೆ. ಈ ಸಲ ಚುಚ್ಚಲಿಲ್ಲ. "ಇಲ್ಲಿ ಅತ್ರೆ ಏನು ಬಂತು? ಅವಳ ಮನೆ ಗೊತ್ತಲ್ಲ ನಿಂಗೆ."

ಜೂನ್ 17, ಮಂಗಳವಾರ. ಮಧ್ಯಾಹ್ನ

ಅರ್ಧ ದಿನ ರಜೆ ಹಾಕಿ ಹೋದೆ. ಒಂದೇ ಕೋಣೆ. ಚಿಕ್ಕ ಮಂಚದ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ಕೂಟದಲ್ಲಿ ಹೇಳಿದ್ದು ತಪ್ಪಾಯಿತು ಅಂದೆ. ಒಳ್ಳೆಯದಾಗಲಿ ಅಂತಲೇ ಹೇಳಿದ್ದು ಅಂದೆ. ಹಾಗೆ, ಹೀಗೆ... ನನ್ನ ಬಾಯಿ ಯಾವಾಗ ಸುಮ್ಮನಿತ್ತು.

ಅವಳು ತಡೆದಳು. "ಅದಕ್ಕೆ ನಂಗೆ ಸಿಟ್ಟಿಲ್ಲ ಅಕ್ಕ. ಬಾಯಿತಪ್ಪಿ ಬಂದಿರ್ಬಹುದು. ಆಫೀಸಲ್ಲಿ ತಲೆ ಆಡಿಸಿದ್ರಲ್ಲ, ಅದು ಬಾಯಿತಪ್ಪಿ ಆಗಿದ್ದಲ್ಲ."

"ನೀನ್ಯಾಕೆ ಹೇಳ್ಲಿಲ್ಲ ಅಲ್ಲೇ?"

"ನಿಮ್ಮ ಮಾತಿಗೆ ನನ್ನ ಮಾತು ಎದುರು ನಿಲ್ಲಿಸಿದ್ರೆ ಯಾರದ್ದು ನಂಬ್ತಿದ್ರು?"

ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಜೂನ್ 18, ಬುಧವಾರ

ಹೋದೆ. ಹೇಳಿದೆ. ಖಾನೆ ಖಾಲಿ ಬಿಡಿಸಿದ್ದು ನಾನೇ, ಅವಳದ್ದೇನೂ ತಪ್ಪಿಲ್ಲ, ಅವತ್ತು ತಲೆ ಆಡಿಸಿದ್ದು ಸುಳ್ಳು.

ಸಾಹೇಬರು ಕನ್ನಡಕ ತೆಗೆದರು. ಕಣ್ಣು ಒರೆಸಿಕೊಂಡರು! "ಅಮ್ಮಾ, ನೀವು ದೊಡ್ಡವರು. ಆ ಹೆಂಗಸನ್ನ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಿ. ನಿಮ್ಮಂಥವರ ದೇವರು ಅದನ್ನೇ ಅಲ್ವಾ ಕಲಿಸಿದ್ದು?"

ನಿಜ ಸಾರ್, ಆಣೆ ಇಡಬಾರದು, ಆದರೂ ನಿಜ ಅಂದೆ. ಹೇಳಿದಷ್ಟೂ ಅವರ ದೃಷ್ಟಿಯಲ್ಲಿ ಮೇಲೆ ಏರುತ್ತಿದ್ದೆ. ಹನ್ನೆರಡು ವರ್ಷ ಜತನದಿಂದ ಕಟ್ಟಿದ ಹೆಸರು. ಈಗ ನಾನು ಹೇಳುವ ಸತ್ಯಕ್ಕೂ ಅದೇ ಅಡ್ಡ ನಿಂತಿತು. ಹುಚ್ಚು ಹಿಡಿಯುವುದೊಂದು ಬಾಕಿ. ನಾಡಿದ್ದು ಕಮಿಟಿ.

ಜೂನ್ 19, ಗುರುವಾರ. ಬೆಳಿಗ್ಗೆ 11

ಈ ಪುಸ್ತಕವನ್ನೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಡಿಸೆಂಬರ್ 28ರ ಪುಟ ತೆರೆದು. ಅವತ್ತು ಬರೆದಿದ್ದೆ: "ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಜೈಲಿನಿಂದ ಬಂದವಳು ಅಂತ ತಾನೇ ಹೇಳಿದಳು, ಬರೆಯಬೇಕಲ್ಲವೇ ಅಂದಳು. ಖಾಲಿ ಬಿಡು, ನನ್ನ ಮಾತೇ ಸಾಕು ಅಂದೆ. ಸಾಹೇಬರು, ಆ ಬೋಳು ಗಡಿಯಾರ, ನನ್ನ ಮಾತು ದಾಟುವುದಿಲ್ಲ."

ಸಾಹೇಬರು ಎರಡು ಸಲ ಓದಿದರು. ತಲೆ ಸವರಿಕೊಂಡರು. ಆಮೇಲೆ ಪುಟ ತಿರುವುತ್ತ ಜೂನ್ 9ಕ್ಕೆ ಬಂದರು. ಯಾರೂ ಓದಬಾರದು ಅಂತ ಬರೆದದ್ದು. ನಾನು ಕಿಟಕಿ ನೋಡುತ್ತ ನಿಂತೆ. ಅವರು ಪುಸ್ತಕ ಮುಚ್ಚಿ ಕೊಟ್ಟರು, ಮುಖ ನೋಡಲಿಲ್ಲ.

"ಹೋಗಿ," ಅಂದರು. 'ಅಮ್ಮ' ಇರಲಿಲ್ಲ.

ಜೂನ್ 23, ಸೋಮವಾರ

ಕಮಿಟಿಯ ಆರ್ಡರ್ ಬಂತು. ಅವಳು ವಾಪಸ್, ಮನೆಯಲ್ಲಿ ಕೂತ ದಿನಗಳೂ ಸೇವೆಗೆ ಸೇರಿ. ನಾನು ಇನ್‌ಚಾರ್ಜ್ ಅಲ್ಲ. ವಾರ್ಡಿನಿಂದ ಬರುವ ಕೊಳೆ ಬಟ್ಟೆ ವಿಂಗಡಿಸುವ ಕಡೆ. ರಕ್ತದ್ದು ಬೇರೆ, ವಾಂತಿಯದ್ದು ಬೇರೆ. ಮಷಿನ್‌ನವಳು ನನ್ನೆದುರೇ ಬಾಯಿತುಂಬ ಬೈದಳು. ಮಷಿನ್‌ಗೇ ಬೈದದ್ದು ಅಂದುಕೊಂಡೆ.

ಜೂನ್ 25, ಬುಧವಾರ

ಕೂಟದಲ್ಲಿ ಎದ್ದು ಎಲ್ಲ ಹೇಳಿದೆ, ನನ್ನ ಪಾಲಿನದ್ದು ಮಾತ್ರ. ಯಾರೂ ಅಳಲಿಲ್ಲ. ಸ್ಟೋರ್‌ಕೀಪರ್‌ನ ಹೆಂಡತಿ ಗಂಟಲು ಸರಿಮಾಡಿಕೊಂಡು ಮುಂದಿನ ವಿಷಯ ಯಾರದ್ದು ಅಂತ ಕೇಳಿದಳು.

ಜೂನ್ 28, ಶನಿವಾರ. ಸಂಜೆ 5.30

ಆರು ತಿಂಗಳು ತುಂಬಿತು. ಸರ್ಟಿಫಿಕೇಟ್ ಸಿಕ್ಕಿತಂತೆ. ನಾಳೆ ಮಗಳು ಬರುತ್ತಾಳಂತೆ. ಇದೆಲ್ಲ ಬೇರೆಯವರ ಬಾಯಿಂದ. ಅವಳು ನನ್ನ ಜೊತೆ ಮಾತಾಡಿ ಹನ್ನೊಂದು ದಿನ.

ಟೀ ಹೊತ್ತಿಗೆ ತಡೆಯಲಾಗಲಿಲ್ಲ. ಇಸ್ತ್ರಿ ಮೇಜಿನ ಹತ್ತಿರ ಹೋದೆ. "ನಾಳೆ ಎಲ್ಲ ಚೆನ್ನಾಗಾಗ್ಲಿ ಅಂತ ಪ್ರಾರ್ಥನೆ ಮಾಡ್ತೀನಿ ಕಣೇ," ಅಂದೆ.

ದಿಂಬಿನ ಕವರು ಮಡಿಸುತ್ತಿದ್ದಳು. ಮಡಿಸಿ ಮುಗಿಸಿ, ವಾಪಸ್ ಬಂದ ಮೇಲೆ ಮೊದಲ ಸಲ ಮುಖ ಕೊಟ್ಟು ನೋಡಿದಳು. ಸಿಟ್ಟಿರಲಿಲ್ಲ.

"ಮಾಡಿ ಅಕ್ಕ. ಬಾಯಿ ಮುಚ್ಕೊಂಡು ಮಾಡಿ."

ಸರಿ ಅಂದೆ. ಮನೆಗೆ ಬಂದು ಮೊಣಕಾಲೂರಿದೆ. ಬಹಳ ಹೊತ್ತು. ಅವಳಿಗಾಗಿ ಏನು ಬೇಡಿಕೊಂಡೆ ಅನ್ನುವುದನ್ನು ಇಲ್ಲಾದರೂ ಬರೆದಿಡೋಣ ಅಂತ ಪೆನ್ನು—